ಹೇವೊಲ್ ರಂಗಮಂದಿರದ ಹಿಂಬದಿಯ ಕುರ್ಚಿ

ನಗರದ ಪರಂಪರೆ ಮತ್ತು ಪ್ರವಾಸೋದ್ಯಮ ಇಲಾಖೆಯ ನಿರ್ದೇಶಕರಿಗೆ,

ಮಾನ್ಯರೇ,

ನೀವು ಕಳಿಸಿದ ಆಮಂತ್ರಣ ತಲುಪಿತು. ದಪ್ಪ ಕಾಗದ, ಚಿನ್ನದ ಬಣ್ಣದ ಅಂಚು. ಜೀರ್ಣೋದ್ಧಾರಗೊಂಡ ಹೇವೊಲ್ ರಂಗಮಂದಿರದ ಉದ್ಘಾಟನೆಯ ದಿನ ನಾನು ‘ಗೌರವ ಆಸನ’ವನ್ನು ಅಲಂಕರಿಸಿ ಸಮಾರಂಭಕ್ಕೆ ಕಳೆ ತರಬೇಕಂತೆ. ಆ ಆಸನ ಯಾವುದೆಂದು ಮೊದಲೇ ಹೋಗಿ ನೋಡಿ ಬಂದಿದ್ದೇನೆ. ಮಾನ್ಯರೇ, ಅದು ಪೊಲೀಸಿನವನ ಕುರ್ಚಿ. ಜಪಾನಿನವರು ನಮ್ಮ ನಾಡನ್ನು ಆಳುತ್ತಿದ್ದಾಗ ನನ್ನ ತಾಯಿಯ ಹಾಡನ್ನು ಸೀಟಿ ಊದಿ ನಿಲ್ಲಿಸಿದ ಕುರ್ಚಿ, ಅವಳ ಎಡಗಿವಿಯನ್ನು ಶಾಶ್ವತವಾಗಿ ಕಿತ್ತುಕೊಂಡ ಕುರ್ಚಿ. ಅದಕ್ಕೆ ಕೆಂಪು ಮಖಮಲ್ಲು ಹೊದಿಸಿ, ಅದರ ಮೇಲೆ ಅವಳ ಮಗಳನ್ನೇ ಕೂರಿಸಿ ಫೋಟೊ ತೆಗೆಸಲು ಹೊರಟಿದ್ದೀರಿ. ಗೊತ್ತಿಲ್ಲದೆ ಮಾಡಿದ್ದರೆ ನಾನು ಪತ್ರಿಕೆಗೆ ಬರೆಯುವ ಮಟ್ಟಕ್ಕೆ ಹೋಗುತ್ತಿರಲಿಲ್ಲ, ಫೋನಿನಲ್ಲೇ ನಾಲ್ಕು ಮಾತು ಬೈದು ಸುಮ್ಮನಾಗುತ್ತಿದ್ದೆ. ಆದರೆ ನಿಮಗೆ ಗೊತ್ತಿತ್ತು. ನಾನೇ ಹೇಳಿದ್ದೆ, ನನ್ನ ಮನೆಯಲ್ಲಿ ಕೂರಿಸಿ ಊಟ ಬಡಿಸಿ ಹೇಳಿದ್ದೆ.

ನೆನಪಿದೆಯೇ? ಹೋದ ಶರತ್ಕಾಲ. ಕಿಟಕಿಯಲ್ಲಿ ಸಿಪ್ಪೆ ಸುಲಿದ ಪರ್ಸಿಮನ್ ಹಣ್ಣುಗಳನ್ನು ದಾರಕ್ಕೆ ಕಟ್ಟಿ ಒಣಗಿಸಲು ಇಳಿಬಿಟ್ಟಿದ್ದೆ. ನೀವು ಬೂಟು ಕಳಚಿ ಒಳಗೆ ಬಂದು, ಬೆಚ್ಚಗಿದ್ದ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಬಾರ್ಲಿ ಟೀ ಕುಡಿದಿರಿ. ಸೋಯಾ ಸಾಸು, ಮೆಣಸಿನಕಾಯಿಯಲ್ಲಿ ನೆನೆಸಿದ ಏಡಿ ಬಡಿಸಿದಾಗ ಬೇಡ ಬೇಡವೆನ್ನುತ್ತಲೇ ಚಿಪ್ಪಿಗೆ ಅನ್ನ ತುಂಬಿಸಿ ಕಲಸಿಕೊಂಡು ತಿಂದಿರಿ. ತಿನ್ನುತ್ತಾ ಒಂದು ಮಾತು ಹೇಳಿದಿರಿ, ಆ ಮಾತಿಗೇ ನಾನು ಸೋತದ್ದು.

“ಅಜ್ಜೀ, ನಮ್ ತಾತನೂ ಈ ಬಂದರಲ್ಲಿ ಅಕ್ಕಿಮೂಟೆ ಹೊರ್ತಿದ್ದೋರೇ. ಹೇವೊಲ್‌ನಲ್ಲಿ ಚಾಪೆ ಮೇಲೆ ಕೂತು ನಿಮ್ಮಮ್ಮನ ಹಾಡು ಕೇಳಿದ್ರಂತೆ. ಸಾಯೋ ತನಕ ಅದನ್ನೇ ಹೇಳೋರು.”

“ಏನಂತ ಹೇಳೋರಪ್ಪಾ?” ಎಂದು ಕೇಳಿದೆ.

“ಆ ಕೆಮ್ಮು ಬಂದಾಗ ನಾವೆಲ್ಲಾ ಒಟ್ಟಿಗೆ ಕೂಗ್ತಿದ್ವಿ ಕಣೋ, ಅನ್ನೋರು. ಏನ್ ಕೂಗ್ತಿದ್ರಿ ತಾತಾ ಅಂದ್ರೆ ನಗೋರು ಅಷ್ಟೇ.”

ನಾನು ನಿಮಗೆ ಆ ಪದ ಹೇಳಿದೆ. ನಿಮ್ಮ ಕಣ್ಣು ಒದ್ದೆಯಾಯಿತು. ಏಡಿಯ ಖಾರಕ್ಕೆ ಇರಬೇಕೆಂದು ಈಗ ಅನ್ನಿಸುತ್ತಿದೆ, ಆಗ ಹಾಗನ್ನಿಸಲಿಲ್ಲ. ಎದ್ದು ಹೋಗಿ ಪೆಟ್ಟಿಗೆಯಿಂದ ತಾಯಿಯ ಕರವಸ್ತ್ರ ತಂದು ನಿಮ್ಮ ಎರಡೂ ಕೈಗಳಿಗೆ ಕೊಟ್ಟೆ. ನೀವು ಎರಡೂ ಕೈಯಲ್ಲಿ ತೆಗೆದುಕೊಂಡು, ತಲೆ ಬಾಗಿಸಿ, “ಹೇವೊಲ್ ನಡೂಮಧ್ಯ ಇಡ್ತೀವಿ ಅಜ್ಜೀ, ನಡೆದದ್ದನ್ನ ನಡೆದ ಹಾಗೇ ಬರೀತೀವಿ” ಎಂದಿರಿ. ಯಾರೂ ನಿಮ್ಮ ಕತ್ತಿಗೆ ಚಾಕು ಹಿಡಿದು ಆ ಮಾತು ಆಡಿಸಲಿಲ್ಲ.

ಈಗ ಓದುಗರಿಗೂ ವಿಷಯ ತಿಳಿಯಲಿ. ನನ್ನ ತಾಯಿ ತಾಕ್ ಕುಮ್‌ಹೋಂಗ್ ದೊಡ್ಡ ನಟಿಯಲ್ಲ. ಆ ಕಾಲದ ನಾಟಕಗಳೆಂದರೆ ಉದ್ದುದ್ದ ಗೋಳಿನ ಕಥೆಗಳು. ಒಂದು ಅಂಕ ಮುಗಿದು ಇನ್ನೊಂದಕ್ಕೆ ಪರದೆ, ಸಾಮಾನು ಬದಲಿಸುವಷ್ಟರಲ್ಲಿ ಜನ ಎದ್ದು ಹೋಗದಂತೆ ಹಿಡಿದಿಡಬೇಕಲ್ಲ, ಅದಕ್ಕೆಂದೇ ಪರದೆಯ ಮುಂದೆ ಕೆಲವರನ್ನು ಬಿಡುತ್ತಿದ್ದರು. ಒಬ್ಬ ಅಮೆರಿಕದ ಕುಣಿತ ಕುಣಿದು ಹಲಗೆ ಟಕಟಕಿಸುತ್ತಿದ್ದ, ಒಬ್ಬ ಟೋಪಿಯೊಳಗಿಂದ ಕೋಳಿ ತೆಗೆಯುತ್ತಿದ್ದ, ಒಬ್ಬ ಅತ್ತೆ, ಸೊಸೆ, ಅಳುವ ಮಗು ಮೂವರ ದನಿಯನ್ನೂ ತಾನೇ ತೆಗೆದು ಜಗಳ ಆಡಿಸುತ್ತಿದ್ದ. ನನ್ನ ತಾಯಿ ಹಾಸ್ಯದ ಹಾಡು ಹಾಡುತ್ತಿದ್ದಳು. ಕೊನೆಕೊನೆಗೆ ಜನ ನಾಟಕಕ್ಕೆ ಬರುವುದನ್ನೇ ಬಿಟ್ಟು ಈ ನಡುವಿನ ಆಟಕ್ಕೇ ಬರತೊಡಗಿದರು. ಗೋಳು ಮನೆಯಲ್ಲೇ ಬೇಕಾದಷ್ಟಿತ್ತು, ಅದನ್ನು ಟಿಕೆಟ್ ಕೊಟ್ಟು ಯಾರು ನೋಡುತ್ತಾರೆ? ಹೀಗೆ ನಾಟಕ ಹಿಂದೆ ಸರಿದು, ಹಾಡು, ಕುಣಿತ, ಹಾಸ್ಯ, ಮೋಡಿಗಳೇ ಇಡೀ ಪ್ರದರ್ಶನವಾದವು. ಆಮಂತ್ರಣದ ಜತೆ ಕಳಿಸಿದ ನಿಮ್ಮ ಕೈಪಿಡಿ ಇದನ್ನು ‘ಮನರಂಜನೆಯ ಸುವರ್ಣಯುಗ’ ಎಂದು ಕರೆದಿದೆ. ಸುವರ್ಣ ಯಾರ ಕೈಯಲ್ಲಿತ್ತು ಎಂಬುದನ್ನು ಮಾತ್ರ ಬರೆದಿಲ್ಲ.

ಪ್ರತಿ ಹಾಡು, ಪ್ರತಿ ನಗೆಮಾತು ಮೊದಲೇ ಪೊಲೀಸ್ ಠಾಣೆಗೆ ಹೋಗಿ ಒಪ್ಪಿಗೆಯ ಮುದ್ರೆ ಹಾಕಿಸಿಕೊಂಡು ಬರಬೇಕಿತ್ತು. ಮುದ್ರೆ ಬಿದ್ದಮೇಲೂ ನಂಬಿಕೆಯಿಲ್ಲ. ಸಭಾಂಗಣದ ಹಿಂಬದಿಯಲ್ಲಿ ಎತ್ತರದ ಕಟ್ಟೆ, ಅದರ ಸುತ್ತ ಕಟಕಟೆ, ಒಳಗೊಂದು ಕುರ್ಚಿ. ಅಲ್ಲಿ ಒಬ್ಬ ಪೊಲೀಸಿನವನು ಒಪ್ಪಿಗೆಯಾದ ಹಾಳೆ ತೊಡೆಯ ಮೇಲಿಟ್ಟುಕೊಂಡು, ಬಾಯಲ್ಲಿ ಸೀಟಿ ಕಚ್ಚಿಕೊಂಡು ಕೂರುತ್ತಿದ್ದ. ಹಾಳೆಯಲ್ಲಿಲ್ಲದ ಒಂದು ಪದ ರಂಗದ ಮೇಲೆ ಬಂದರೂ ಸೀಟಿ. ಸೀಟಿ ಬಿದ್ದರೆ ಹಾಡು ಅಲ್ಲೇ ನಿಲ್ಲಬೇಕು, ಕುಣಿಯುವವನು ಎತ್ತಿದ ಕಾಲನ್ನು ಹಾಗೇ ಇಳಿಸಬೇಕು. ಇದೇ ಆ ನಿಮ್ಮ ಗೌರವ ಆಸನ.

ನನ್ನ ತಾಯಿಯ ಹಾಡು ಹೀಗಿತ್ತು:

‘ಬರುವಾಗ ಹಸಿದ ಹಡಗು, ಹೋಗುವಾಗ ಹೊಟ್ಟೆ ಭಾರ,
ಏನ ತುಂಬಿಕೊಂಡಿತೇ ನಾದಿನಿ, ಏನ ತುಂಬಿಕೊಂಡಿತೇ?’

ಠಾಣೆಗೆ ಕೊಟ್ಟ ಹಾಳೆಯಲ್ಲಿ ಇದಕ್ಕೆ ಉತ್ತರ ‘ಮಂಜು, ಬರೀ ಮಂಜು’ ಎಂದಿತ್ತು. ಬಂದರಿನ ಮೇಲೆ ಮುಂಜಾನೆ ಕವಿಯುವ ಮಂಜಿನ ಮುಗ್ಧ ಹಾಡು. ಮುದ್ರೆ ಸಲೀಸಾಗಿ ಬಿತ್ತು. ರಂಗದ ಮೇಲೆ ಮಾತ್ರ ಅವಳು ‘ಏನ ತುಂಬಿಕೊಂಡಿತೇ’ ಎಂದು ಎಳೆದು, ಕರವಸ್ತ್ರ ಬಾಯಿಗೆ ಒತ್ತಿಕೊಂಡು, ಖೊಖ್ ಎಂದು ಕೆಮ್ಮುತ್ತಿದ್ದಳು. ಆ ಕೆಮ್ಮಿನ ಜಾಗದಲ್ಲಿ ಚಾಪೆಯ ಮೇಲೆ ಕೂತ ಜನ, ಅಂದರೆ ಬೆಳಗಿನಿಂದ ಸಂಜೆಯವರೆಗೆ ಜಪಾನಿಗೆ ಹೋಗುವ ಆ ಹಡಗಿಗೆ ಅಕ್ಕಿಮೂಟೆ ಹೊತ್ತು ಹೆಗಲು ಸವೆದ ಜನ, ಒಂದೇ ದನಿಯಲ್ಲಿ ಕೂಗುತ್ತಿದ್ದರು: “ನಮ್ಮಕ್ಕಿ!”

ಸೀಟಿ ಊದುವುದಾದರೂ ಯಾರ ಮೇಲೆ? ಹಾಡಿದವಳು ಕೆಮ್ಮುತ್ತಿದ್ದಾಳೆ. ಕೂಗಿದವರು ಇಡೀ ಸಭೆ. ಊರಿನ ಮೂಟೆ ಹೊರುವವರನ್ನೆಲ್ಲ ಹಿಡಿದು ಒಳಗೆ ಹಾಕಿದರೆ ನಾಳೆ ಹಡಗು ತುಂಬುವವರಾರು? ಹೀಗೆ ಒಂದು ಇಡೀ ಚಳಿಗಾಲ ನಡೆಯಿತು. ಅವಳಿಗೆ ‘ಕೆಮ್ಮಿನ ಕುಮ್‌ಹೋಂಗ್’ ಎಂದೇ ಹೆಸರು ಬಿತ್ತು. ಬೀದಿಯಲ್ಲಿ ಅವಳನ್ನು ಕಂಡರೆ ಮೂಟೆಯವರು ಸುಮ್ಮನೆ ಒಮ್ಮೆ ಕೆಮ್ಮಿ ಮುಂದೆ ಹೋಗುತ್ತಿದ್ದರಂತೆ, ಅದೇ ನಮಸ್ಕಾರ.

ಕೊನೆಗೆ ಹೊಸದಾಗಿ ಬಂದ ಒಬ್ಬ ಪೊಲೀಸಿನವನು ಸೀಟಿ ಊದಿದ. ಅವಳನ್ನು ಠಾಣೆಗೆ ಎಳೆದೊಯ್ದರು.

“ಆ ಪದ ಯಾರೇ ಹೇಳಿದ್ದು?”

“ನಂಗೇನ್ ಗೊತ್ತು ಸ್ವಾಮೀ? ನಾನ್ ಕೆಮ್ತಾ ಇದ್ದೆ.”

“ದಿನಾ ಅದೇ ಜಾಗಕ್ಕೆ ಸರಿಯಾಗಿ ಹ್ಯಾಗೇ ಬರುತ್ತೆ ಕೆಮ್ಮು?”

“ಮಂಜಿನ ಹಾಡಲ್ವಾ ಸ್ವಾಮೀ, ಥಂಡಿ ಆಗುತ್ತೆ.”

ತಾಯಿ ಈ ಕಥೆಯನ್ನು ನನಗೆ ಎಷ್ಟೋ ಸಲ ಹೇಳಿದ್ದಾಳೆ. ಪೊಲೀಸಿನವನ ಗಡಸು ದನಿ ತೆಗೆದು, ತನ್ನ ಮೆಲುದನಿ ತೆಗೆದು, ‘ಥಂಡಿ ಆಗುತ್ತೆ’ ಎನ್ನುವಲ್ಲಿಗೆ ಬಂದು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅಲ್ಲಿಂದ ಮುಂದಿನದನ್ನು ಒಮ್ಮೆಯೂ ಹೇಳಲಿಲ್ಲ. ಮುಂದಿನದನ್ನು ಅವಳ ಕಿವಿ ಹೇಳುತ್ತಿತ್ತು. ಎಡಗಡೆಯಿಂದ ಕರೆದರೆ ಅವಳು ತಿರುಗುತ್ತಿರಲಿಲ್ಲ. ಅಮ್ಮನ ಬಲಗಡೆಗೇ ಕೂರಬೇಕು, ಬಲಗಡೆಗೇ ಮಲಗಬೇಕು, ಬಲಗಡೆಗೇ ಅಳಬೇಕು ಎಂದು ನಾನು ಮಾತು ಕಲಿಯುವ ಮೊದಲೇ ಕಲಿತಿದ್ದೆ.

ಆಮೇಲೆ ನಾಡು ಬಿಡುಗಡೆಯಾಯಿತು. ನಿಮ್ಮ ಕೈಪಿಡಿಯೂ ಅಲ್ಲಿಗೆ ನಿಟ್ಟುಸಿರು ಬಿಟ್ಟು ಪುಟ ತಿರುಗಿಸುತ್ತದೆ. ಆದರೆ ಹೇವೊಲ್‌ನಲ್ಲಿ ಬಾವುಟ ಬದಲಾಯಿತೇ ಹೊರತು ಕುರ್ಚಿ ಕದಲಲಿಲ್ಲ. ಆಮೇಲೆ ನಮ್ಮನಮ್ಮೊಳಗೇ ನಡೆದ ಯುದ್ಧವೂ ಮುಗಿದ ಮೇಲೆ ಬರೀ ಹೆಂಗಸರದ್ದೇ ಒಂದು ತಂಡ ಕಟ್ಟಿಕೊಂಡು ತಾಯಿ ಮತ್ತೆ ಅಲ್ಲಿ ಹಾಡತೊಡಗಿದಾಗ ಅದೇ ಕಟ್ಟೆ, ಅದೇ ಕಟಕಟೆ, ಕೂತವನು ಮಾತ್ರ ನಮ್ಮವನು. ನಮ್ಮ ಭಾಷೆಯಲ್ಲೇ ಬೈಯುತ್ತಿದ್ದ, ಅಷ್ಟೇ ವ್ಯತ್ಯಾಸ. ಹಡಗಿನ ಹಾಡು ಜನರ ಮನಸ್ಸು ಕೆಡಿಸುತ್ತದೆಂದು ಅವನೂ ಹಾಳೆಯ ಮೇಲೆ ಕೆಂಪು ಗೆರೆ ಎಳೆದ. ಇಲಾಖೆಯವರು ಈ ಸಂಗತಿಯನ್ನು ಗೋಡೆಯ ಮೇಲೆ ಬರೆಯಲು ಹಿಂಜರಿದದ್ದು ಏಕೆಂದು ನಾನು ಊಹಿಸಬಲ್ಲೆ. ಕಷ್ಟದ ಊಹೆಯೇನೂ ಅಲ್ಲ.

ನಾನು ಆಗ ಸಣ್ಣವಳು. ಒಂದು ಮಧ್ಯಾಹ್ನದ ಪ್ರದರ್ಶನಕ್ಕೆ ಕಾಲಿಡಲು ಜಾಗವಿಲ್ಲದಷ್ಟು ಜನ. ಸುಟ್ಟ ಒಣಮೀನಿನ ವಾಸನೆ, ಹೆಂಗಸರ ಮುಡಿ, ಗಂಡಸರ ಬೆನ್ನು, ನನಗೆ ಇನ್ನೇನೂ ಕಾಣಿಸದು. ಹಿಂದೆ ನೋಡಿದರೆ ಕುರ್ಚಿ ಖಾಲಿ. ಕೂರಬೇಕಾದವನು ಸಿಗರೇಟು ಸೇದಲು ಹೊರಗೆ ಹೋಗಿದ್ದ. ನಾನು ಕಟಕಟೆ ಹತ್ತಿ ಕೂತುಬಿಟ್ಟೆ. ಆಹಾ, ಎಷ್ಟು ಚೆನ್ನಾಗಿ ಕಾಣುತ್ತಿತ್ತು! ರಂಗದ ಮೇಲೆ ಅಮ್ಮ, ಅವಳ ಕೈಯ ಕರವಸ್ತ್ರ, ಪರದೆಯ ಸಂದಿನಲ್ಲಿ ಹಣಕುವವರ ಮೂಗು, ಎಲ್ಲವೂ.

ಅಮ್ಮ ನನ್ನನ್ನು ಕಂಡಳು. ಹಾಡು ನಿಂತಿತು. ರಂಗದಿಂದ ಇಳಿದು, ಕೂತವರ ತಲೆಗಳ ನಡುವೆ ದಾರಿ ಮಾಡಿಕೊಂಡು ಬಂದಳು. ಜನ ಇದೂ ಆಟದ ಭಾಗವೆಂದುಕೊಂಡು ನಗುತ್ತಾ ಜಾಗ ಬಿಟ್ಟರು. ಬಂದವಳೇ ನನ್ನ ಕೆನ್ನೆಗೆ ಬಾರಿಸಿ, ರಟ್ಟೆ ಹಿಡಿದು ಕೆಳಗಿಳಿಸಿ, ಹಾಗೇ ವಾಪಸು ಹೋಗಿ ನಿಲ್ಲಿಸಿದ ಸಾಲಿನಿಂದಲೇ ಹಾಡು ಎತ್ತಿಕೊಂಡಳು. ಅದಕ್ಕೂ ಮೊದಲು, ಆಮೇಲೂ, ಅವಳು ನನಗೆ ಕೈ ಎತ್ತಿದವಳಲ್ಲ. ಪ್ರದರ್ಶನ ಮುಗಿದ ಮೇಲೆ ಪರದೆಯ ಹಿಂದೆ ನನ್ನ ಮುಖ ಒರೆಸುತ್ತಾ ಗದರಿದಳು:

“ಇನ್ನೊಂದ್ಸಲ ಆ ಕುರ್ಚಿ ಮೇಲೆ ಕಂಡ್ರೆ ಕಾಲ್ ಮುರೀತೀನಿ.”

“ನಂಗೆ ಕಾಣ್ತಾನೇ ಇರ್ಲಿಲ್ಲಮ್ಮಾ. ಅಲ್ಲಿಂದ ಎಷ್ಟು ಚೆನ್ನಾಗ್ ಕಾಣುತ್ತೆ ಗೊತ್ತಾ?”

“ಅದಕ್ಕೇ ಕಣೇ ಅದನ್ನ ಅಲ್ಲಿಟ್ಟಿರೋದು,” ಎಂದಳು ಅಮ್ಮ.

ನಿಮ್ಮ ಕೈಪಿಡಿಯಲ್ಲಿ ಗೌರವ ಆಸನದ ಬಗ್ಗೆ ಬರೆದಿದ್ದೀರಲ್ಲ, ‘ಇಡೀ ರಂಗಮಂದಿರದಲ್ಲೇ ಅತ್ಯುತ್ತಮ ನೋಟ ದೊರೆಯುವ ಸ್ಥಳ’ ಎಂದು. ನಿಜ. ಅದನ್ನು ಅಲ್ಲಗಳೆಯಲಾರೆ.

ಉದ್ಘಾಟನೆಗೆ ಮುಂಚೆ ಒಮ್ಮೆ ನೋಡಿ ಬನ್ನಿ ಎಂದು ನಿಮ್ಮ ಕಚೇರಿಯಿಂದ ಹೇಳಿದ್ದರಿಂದ, ಪಕ್ಕದ ಒಣಮೀನಿನ ಅಂಗಡಿಯ ಪ್ಯೋ ಚುನ್‌ಜಾಳನ್ನು ಜತೆಗೆ ಕರೆದುಕೊಂಡು ಹೋಗಿದ್ದೆ. ನನಗಿಂತ ಚಿಕ್ಕವಳು, ನನ್ನನ್ನು ಅಕ್ಕ ಎನ್ನುತ್ತಾಳೆ, ಬಾಯಿಗೆ ಮಾತ್ರ ಲಗಾಮಿಲ್ಲ. ಉದ್ಘಾಟನೆಗೆ ಮೊದಲೇ ಪ್ರಯೋಗಕ್ಕೆಂದು ಜನರನ್ನು ಒಳಗೆ ಬಿಡುತ್ತಿದ್ದರು. ಬಾಗಿಲಲ್ಲೇ ಬಾಡಿಗೆ ಬಟ್ಟೆಗಳ ಅಂಗಡಿ. ಆ ಕಾಲದ ಟೋಪಿ, ಜಾಲರಿ ಕೊಡೆ, ಕೈಗವುಸು. ಅವನ್ನು ತೊಟ್ಟ ಜೋಡಿಗಳು ಕಟಕಟೆಯ ಮುಂದೆ ಸಾಲುಗಟ್ಟಿ ನಿಂತು, ಒಬ್ಬೊಬ್ಬರಾಗಿ ಕುರ್ಚಿ ಹತ್ತಿ, ನಿಮ್ಮವರೇ ಕೊಡುವ ಸೀಟಿಯನ್ನು ಬಾಯಲ್ಲಿ ಕಚ್ಚಿಕೊಂಡು ನಗುತ್ತಾ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಅವರದ್ದೇನೂ ತಪ್ಪಿಲ್ಲ, ಪಾಪ. ಅದೇನೆಂದು ಅವರಿಗೆ ಯಾರು ಹೇಳಿದ್ದಾರೆ?

“ಅಕ್ಕಾ, ಇಲ್ಲಿ ನೋಡು,” ಎಂದು ಚುನ್‌ಜಾ ನನ್ನ ತೋಳು ಜಗ್ಗಿದಳು.

ರಂಗದ ಮೇಲೆ ಬೆಳಕಿನಲ್ಲಿ ಮಾಡಿದ ಒಬ್ಬ ಹುಡುಗಿ ಮೂಡಿದಳು. ಬಡಕಲು ಮೈ, ಬಿಳಿಚಿದ ಮುಖ, ಹಿನ್ನೆಲೆಯಲ್ಲಿ ಪಿಟೀಲಿನ ಗೋಳು. ಅವಳೇ ನನ್ನ ತಾಯಿ ಅಂತೆ. ಕರವಸ್ತ್ರಕ್ಕೆ ಕೆಮ್ಮಿದಳು, ಕರವಸ್ತ್ರ ಕೆಂಪಾಯಿತು. ಪಕ್ಕದ ಫಲಕದಲ್ಲಿ, ‘ಕ್ಷಯರೋಗದಿಂದ ನರಳುತ್ತಲೇ ಕಲೆಗಾಗಿ ಜೀವ ತೇಯ್ದ ಕೋಗಿಲೆ’. ಕೆಳಗೆ ಗಾಜಿನ ಪೆಟ್ಟಿಗೆಯಲ್ಲಿ ನಾನು ಕೊಟ್ಟ ಕರವಸ್ತ್ರ, ಅದರ ಮೂಲೆಯ ಮಸುಕಾದ ಕೆಂಪು ಕಲೆಯ ಮೇಲೆ ಪುಟ್ಟದೊಂದು ದೀಪ.

ಚುನ್‌ಜಾ ಜೋರಾಗಿಯೇ ಅಂದಳು, “ಕ್ಷಯಾನಾ? ನಿಮ್ಮಮ್ಮಂಗಾ? ನಮ್ಮಂಗ್ಡೀಲಿ ಮೀನು ಚೌಕಾಸಿ ಮಾಡೋವಾಗ ಆ ಗಂಟಲು ದೀಪಸ್ತಂಭದ ತನಕ ಕೇಳ್ತಿತ್ತಲ್ಲ ಮಾರಾಯ್ತೀ!”

ಮಾನ್ಯರೇ, ನನ್ನ ತಾಯಿಗೆ ಕ್ಷಯವಿರಲಿಲ್ಲ. ಎಂಬತ್ತು ದಾಟುವವರೆಗೆ ಬದುಕಿ, ಹಿಂದಿನ ದಿನವೂ ಎರಡನೇ ಬಟ್ಟಲು ಅನ್ನ ಕೇಳಿ ಹಾಕಿಸಿಕೊಂಡು ಸತ್ತಳು. ಆ ಕಲೆ ರಕ್ತವಲ್ಲ, ಮೆಣಸಿನ ಗೊಜ್ಜು. ಅವಳು ಖಾರದ ಅಕ್ಕಿ ಕಡುಬು ತಿಂದು ಬಾಯಿ ಒರೆಸಿಕೊಂಡದ್ದು. ಇದನ್ನೂ ನಿಮಗೆ ಹೇಳಿದ್ದೆ, ನಾವಿಬ್ಬರೂ ನಕ್ಕಿದ್ದೆವು. ನಿಮ್ಮ ಇಲಾಖೆ ಗೊಜ್ಜಿಗೆ ದೀಪ ಹಚ್ಚಿ ಊರವರಿಂದ ಕಣ್ಣೀರು ಹಾಕಿಸುತ್ತಿದೆ.

ಇಷ್ಟನ್ನು ಹೇಗೋ ನುಂಗಿಕೊಳ್ಳುತ್ತಿದ್ದೆ. ಆದರೆ ಬೆಳಕಿನ ಹುಡುಗಿ ಕೆಮ್ಮಿ ಮುಗಿಸಿ, ತಲೆಯೆತ್ತಿ, ಹಾಡಿನ ಸಾಲನ್ನು ಪೂರ್ತಿ ಮಾಡಿದಳು: ‘ಮಂಜು, ಬರೀ ಮಂಜು.’

ಆ ಪದವನ್ನು ನನ್ನ ತಾಯಿ ರಂಗದ ಮೇಲೆ ಎಂದೂ ಹಾಡಲಿಲ್ಲ, ಮಾನ್ಯರೇ. ಹಾಡಿದ್ದರೆ ಅವಳ ಕಿವಿ ಉಳಿಯುತ್ತಿತ್ತು. ಅದು ಪೊಲೀಸಿನವನ ತೊಡೆಯ ಮೇಲಿದ್ದ ಹಾಳೆಯ ಪದ. ಅವನು ಸೀಟಿ ಊದಿ, ಹೊಡೆದು, ಹೆದರಿಸಿ ಅವಳ ಬಾಯಲ್ಲಿ ಹೇಳಿಸಲಾಗದ್ದನ್ನು ನೀವು ಹೇಳಿಸಿದಿರಿ, ಅದೂ ದಿನವಿಡೀ ಮತ್ತೆ ಮತ್ತೆ, ಅವನ ಕುರ್ಚಿಗೆ ಮುಖ ಮಾಡಿ ನಿಲ್ಲಿಸಿ.

ಮನೆಗೆ ಬಂದು ನಿಮಗೆ ಫೋನು ಮಾಡಿದೆ. ನಿಮ್ಮ ಉತ್ತರವನ್ನು ಇಲ್ಲಿ ಹಾಗೆಯೇ ಕೊಡುತ್ತೇನೆ, ಊರೂ ಕೇಳಲಿ.

“ಅಜ್ಜೀ, ದಾಖಲೇಲಿರೋದು ಅದೇ ಅಲ್ವಾ? ಮುದ್ರೆ ಬಿದ್ದಿರೋ ಹಾಳೇಲಿ ಮಂಜು ಅಂತ್ಲೇ ಇದೆ.”

“ಮುದ್ರೆ ಹಾಕ್ದೋನು ಯಾರಪ್ಪಾ?”

“ಅದು ಬೇರೆ ವಿಷ್ಯ. ಈಗ ನೋಡೀ, ಹೊರಗಿನ ಪ್ರವಾಸಿಗರು ಬರ್ತಾರೆ. ಅಕ್ಕಿ ಗಿಕ್ಕಿ ಅಂದ್ರೆ ಮನಸ್ಸು ಭಾರ ಆಗುತ್ತೆ. ಮಂಜು ಅಂದ್ರೆ ಆ ಕಾಲದ ಸೊಗಸು ಬರುತ್ತೆ.”

“ಮತ್ತೆ ನಿಮ್ ತಾತ ಕೂಗಿದ್ದು?”

“ಮೀಟಿಂಗ್ ಇದೆ ಅಜ್ಜೀ, ಆಮೇಲ್ ಮಾಡ್ತೀನಿ,” ಎಂದಿರಿ. ಆ ‘ಆಮೇಲೆ’ ಇನ್ನೂ ಬಂದಿಲ್ಲ, ಆಮಂತ್ರಣ ಬಂತು.

ಆ ಕುರ್ಚಿ ಒಡೆದುಹಾಕಿ ಎಂದು ನಾನು ಕೇಳುತ್ತಿಲ್ಲ. ಒಡೆದರೆ ಅದು ಇರಲೇ ಇಲ್ಲವೆನ್ನುವ ಇನ್ನೊಬ್ಬ ನಿರ್ದೇಶಕರು ನಾಳೆ ಬರುತ್ತಾರೆ. ಇರಲಿ. ಮಖಮಲ್ಲು ತೆಗೆಯಿರಿ. ಸೀಟಿಯನ್ನು ಮಕ್ಕಳ ಆಟಿಕೆಯಂತೆ ಹಂಚುವುದನ್ನು ನಿಲ್ಲಿಸಿ. ಅಲ್ಲಿ ಮೊದಲು ಯಾರು ಕೂತರು, ಆಮೇಲೆ ನಮ್ಮವರಲ್ಲೇ ಯಾರು ಕೂತರು ಎಂಬುದನ್ನು ದೊಡ್ಡ ಅಕ್ಷರದಲ್ಲಿ ಬರೆಯಿರಿ. ನನ್ನ ತಾಯಿಯ ಮೈಗೆ ನೀವು ಅಂಟಿಸಿದ ಕಾಯಿಲೆ ವಾಪಸು ತೆಗೆದುಕೊಳ್ಳಿ. ಆ ಹಾಡಿನಿಂದ ಮಂಜನ್ನು ಕಿತ್ತುಹಾಕಿ ಕೆಮ್ಮನ್ನು ಕೆಮ್ಮಾಗಿಯೇ ಬಿಡಿ. ಉಳಿದದ್ದನ್ನು ನೋಡಲು ಬಂದವರು ತುಂಬಿಕೊಳ್ಳುತ್ತಾರೆ. ಹೆದರಬೇಡಿ, ಈ ಊರಿಗೆ ಅದರ ಅಭ್ಯಾಸವಿದೆ.

ಉದ್ಘಾಟನೆಗೆ ನಾನು ಖಂಡಿತ ಬರುತ್ತೇನೆ. ಕೂರಲು ಅಲ್ಲ. ನನ್ನ ದನಿಗೆ ಅಮ್ಮನ ಕಸುವಿಲ್ಲ, ಆದರೂ ರಂಗದ ಮೇಲೆ ನಿಂತು ಆ ಎರಡು ಸಾಲು ಹಾಡುತ್ತೇನೆ. ಚುನ್‌ಜಾ ಮೀನುಪೇಟೆಯ ಹೆಂಗಸರನ್ನೆಲ್ಲ ಕರೆದುಕೊಂಡು ಬರುತ್ತಾಳಂತೆ, ಅವರಿಗೆ ಚಾಪೆ ಹಾಸಿಸಿ. ಆ ಕುರ್ಚಿಯಲ್ಲಿ ಮಾತ್ರ ನೀವೇ ಕೂರಬೇಕು, ಇದು ನನ್ನ ಒಂದೇ ಷರತ್ತು. ನಾನು ‘ಏನ ತುಂಬಿಕೊಂಡಿತೇ’ ಎಂದು ಎಳೆದು ಕೆಮ್ಮುತ್ತೇನೆ. ನಿಮ್ಮ ಕೈಯಲ್ಲಿ ಸೀಟಿ ಇರುತ್ತದೆ, ಮೈಯಲ್ಲಿ ನಿಮ್ಮ ತಾತನ ರಕ್ತ ಇರುತ್ತದೆ. ನಿಮ್ಮ ಬಾಯಿಗೆ ಯಾವುದು ಬರುತ್ತದೋ ನೋಡೋಣ.

ಇಂತಿ,
ಆ ಕುರ್ಚಿಯಲ್ಲಿ ಒಮ್ಮೆ ಕೂತು ಏಟು ತಿಂದು ಬುದ್ಧಿ ಕಲಿತ,
ಈಚೆಗೆ ಏಡಿ ಬಡಿಸಿ ಇನ್ನೊಮ್ಮೆ ಕಲಿತ,
ಮೇಂಗ್ ಓಕ್‌ಬುನ್
(ಕೆಮ್ಮಿನ ಕುಮ್‌ಹೋಂಗಳ ಮಗಳು)